ಭಯದ ದಾಸ್ತಾನು ಮತ್ತು ಗಡಿಯ ರಸ್ತೆ

2020ರ ಮಾರ್ಚ್ 24, ಮಂಗಳವಾರ. ಮರುದಿನ ಯುಗಾದಿ. ಬೇವು-ಬೆಲ್ಲ, ಹೋಳಿಗೆ ಬೇಳೆ, ಎಣ್ಣೆ, ಹೂವು ಅಂತ ಪೇಟೆಗೆ ಹೋಗುವ ದಿನ. ಸೊಲ್ಲಾಪುರ, ಅಕ್ಕಲಕೋಟೆ ಕಡೆಯ ಮನೆಗಳಲ್ಲಿ ಅದೇ ದಿನ ಗುಡಿ ಪಾಡ್ವೆಯೂ ಹೌದು. ಕೊರೋನಾದ ಹೆದರಿಕೆ ಆಗಲೇ ಎರಡು ವಾರದಿಂದ ಊರೊಳಗೆ ಓಡಾಡುತ್ತಿತ್ತು. ಒಂದೊಂದೇ ರಾಜ್ಯ ತನ್ನ ತನ್ನ ನಿರ್ಬಂಧ ಹೇರಿತ್ತು. ರಾತ್ರಿ ಎಂಟು ಗಂಟೆಗೆ ಪ್ರಧಾನಿಯವರು ದೂರದರ್ಶನದಲ್ಲಿ ಮಾತಾಡಿ, ಮಧ್ಯರಾತ್ರಿ ಹನ್ನೆರಡರಿಂದ ಇಡೀ ದೇಶ ಇಪ್ಪತ್ತೊಂದು ದಿನ ಬಂದ್ ಎಂದರು. ನಡುವೆ ಉಳಿದದ್ದು ನಾಲ್ಕು ಗಂಟೆ ಮಾತ್ರ.

ಆ ನಾಲ್ಕು ಗಂಟೆಯಲ್ಲಿ ಊರೂರಲ್ಲಿ ಏನಾಯಿತೆಂಬುದು ಎಲ್ಲರಿಗೂ ನೆನಪಿದೆ. ಅರ್ಧ ಎಳೆದಿದ್ದ ಶಟರನ್ನು ಜನ ಮತ್ತೆ ಎತ್ತಿಸಿದರು. ಅಕ್ಕಿ, ಗೋಧಿ ಹಿಟ್ಟು, ಬೇಳೆ, ಉಪ್ಪು, ಹಾಲಿನ ಪುಡಿ, ಬೀಡಿ, ಬೆಂಕಿಪೊಟ್ಟಣ ಎಲ್ಲದಕ್ಕೂ ಕೈ ಚಾಚಿದರು. ದೂರ ದೂರ ನಿಲ್ಲಿರಿ ಎಂಬ ಸಲುವಾಗಿಯೇ ಬಂದ ಆದೇಶ ಆ ಒಂದು ರಾತ್ರಿ ಜನರನ್ನು ಒಬ್ಬರ ಮೈಮೇಲೆ ಒಬ್ಬರು ಬೀಳುವಂತೆ ಮಾಡಿತು. ಗಲ್ಲೆಯ ಮುಂದೆ ಎಲ್ಲರೂ ಕೇಳಿದ್ದು ಒಂದೇ ಮಾತು: "ನಾಳೆ ಅಂಗಡಿ ತೆಗೀತೀರೇನ್ರೀ?" ಅದಕ್ಕೆ ವ್ಯಾಪಾರಿಯ ಹತ್ತಿರ ಉತ್ತರವಿರಲಿಲ್ಲ. ದಿನಸಿ, ಹಾಲು, ತರಕಾರಿ, ಮಾಂಸ, ದನದ ಮೇವು, ಔಷಧಿ ಇವಕ್ಕೆಲ್ಲ ವಿನಾಯಿತಿ ಇದೆ ಎಂದು ಗೃಹ ಸಚಿವಾಲಯದ ಮಾರ್ಗಸೂಚಿಯಲ್ಲಿ ಬರೆದಿತ್ತು, ನಿಜ. ಆದರೆ ಆ ಪಟ್ಟಿ ಕಿವಿಗೆ ಬೀಳುವ ಮೊದಲೇ ಜನ ಬೀದಿಗಿಳಿದಾಗಿತ್ತು.

ಆಮೇಲೆ ಅನೇಕರು ಆ ಜನರನ್ನು ಬೈದರು. ಬುದ್ಧಿಯಿಲ್ಲದವರು, ಆಸೆಬುರುಕರು, ಕುರಿಮಂದೆ ಎಂದರು. ನಾವು ಆ ಮಾತನ್ನು ಒಪ್ಪುವುದಿಲ್ಲ. ಲೆಕ್ಕ ಹಾಕಿ ನೋಡೋಣ. ಒಂದು ಊರಲ್ಲಿ ಮುನ್ನೂರು ಮನೆ, ಒಂದೇ ಕಿರಾಣಿ ಅಂಗಡಿ ಇದೆ ಎಂದಿಟ್ಟುಕೊಳ್ಳಿ. ಮನೆಗೆ ವಾರಕ್ಕೆ ಐದು ಕೆ.ಜಿ. ಅಕ್ಕಿ. ಅಂದರೆ ವಾರಕ್ಕೆ ಹದಿನೈದು ಕ್ವಿಂಟಾಲ್ ಸಾಕು. ವ್ಯಾಪಾರಿ ಜಾಣ, ಇಪ್ಪತ್ತು ಕ್ವಿಂಟಾಲ್ ಇಟ್ಟಿದ್ದಾನೆ. ಈಗ ಪ್ರತಿ ಮನೆಯವರೂ "ಇರಲಿ, ಇನ್ನೊಂದು ವಾರದ್ದು ಒಯ್ಯೋಣ" ಎಂದು ಹತ್ತು ಕೆ.ಜಿ. ಕೇಳಿದರೆ ಏನಾಗುತ್ತದೆ? ಮೊದಲು ಬಂದ ಇನ್ನೂರು ಮನೆಗೆ ಅಕ್ಕಿ, ಕೊನೆಯ ನೂರು ಮನೆಗೆ ಬರಿಗೈ. ಆ ಇನ್ನೂರರಲ್ಲಿ ಒಬ್ಬನೂ ಕಾಳಸಂತೆಕೋರನಲ್ಲ. ಒಂದು ವಾರದ ಹೆಚ್ಚಿನ ಅಕ್ಕಿ ಒಯ್ದವನನ್ನು ಯಾವ ನ್ಯಾಯಾಲಯವೂ ಕಳ್ಳ ಎನ್ನದು. ಆದರೂ ನೂರು ಮನೆಯ ಒಲೆ ಉರಿಯಲಿಲ್ಲ.

ಇದು ಬರೀ ನಮ್ಮ ಕಾಗದದ ಲೆಕ್ಕವಲ್ಲ. ಅದೇ ಮಾರ್ಚಿನಲ್ಲಿ ಬ್ರಿಟನ್ನಿನ ದೊಡ್ಡ ದೊಡ್ಡ ಮಳಿಗೆಗಳ ಕಪಾಟು ಖಾಲಿಯಾದಾಗ, ಕಾಂಟಾರ್ ಎಂಬ ಮಾರುಕಟ್ಟೆ ಸಮೀಕ್ಷೆ ಸಂಸ್ಥೆ ಜನರ ಖರೀದಿಯ ಲೆಕ್ಕ ತೆಗೆದು ನೋಡಿತು. ಅಲ್ಲಿಯವರ ನಿತ್ಯದ ಊಟವಾದ ಪಾಸ್ತಾವನ್ನು ವಿಪರೀತ ಪ್ರಮಾಣದಲ್ಲಿ ಕೊಂಡವರು ನೂರಕ್ಕೆ ಮೂರು ಮಂದಿ ಮಾತ್ರ. ಕಪಾಟು ಖಾಲಿ ಮಾಡಿದ್ದು ಉಳಿದವರು, ಬುಟ್ಟಿಗೆ ಒಂದೊಂದು ಪೊಟ್ಟಣ ಹೆಚ್ಚಿಗೆ ಹಾಕಿಕೊಂಡವರು, ವಾರಕ್ಕೆ ಒಂದು ಸಲ ಹೆಚ್ಚಿಗೆ ಪೇಟೆಗೆ ಹೋದವರು. ಹನಿ ಹನಿ ಕೂಡಿದರೆ ಹಳ್ಳ ಎಂಬ ನಮ್ಮ ಗಾದೆ ಇಲ್ಲಿ ಉಲ್ಟಾ ಹರಿಯಿತು.

ಹಾಗಾದರೆ ಜನರನ್ನು ಓಡಿಸಿದ್ದು ಏನು? ನಾಳೆಯ ಮೇಲಿನ ಅಪನಂಬಿಕೆ. ನಾಳೆ ಅಂಗಡಿ ತೆರೆದಿರುತ್ತದೆ, ಸರಕು ಬಂದಿರುತ್ತದೆ, ನನ್ನ ಪಾಲು ನನಗೆ ಸಿಗುತ್ತದೆ ಎಂಬ ಮೂರು ನಂಬಿಕೆಗಳಲ್ಲಿ ಒಂದು ಸಡಿಲಾದರೂ ಮನುಷ್ಯ ಚೀಲ ಹಿಡಿದು ಓಡುತ್ತಾನೆ. ದೇಶದಲ್ಲಿ ಆಗ ಕಾಳಿಗೆ ಬರವಿರಲಿಲ್ಲ. 2020ರ ಮಾರ್ಚಿನಲ್ಲಿ ಭಾರತ ಆಹಾರ ನಿಗಮದ ಉಗ್ರಾಣಗಳಲ್ಲಿ ಅಕ್ಕಿ-ಗೋಧಿ ಸೇರಿ ಸುಮಾರು 580 ಲಕ್ಷ ಟನ್ ಇತ್ತು. ಸಾಲದ್ದಕ್ಕೆ ಹಿಂಗಾರಿನ ಗೋಧಿ ಹೊಲದಲ್ಲಿ ಕೊಯ್ಲಿಗೆ ನಿಂತಿತ್ತು. ಆದರೆ ಉಗ್ರಾಣದ ಅಕ್ಕಿ ಹೊಟ್ಟೆಗೆ ಬರಬೇಕಾದರೆ ನಡುವೆ ಲಾರಿ ಇರಬೇಕು, ಹಮಾಲ ಇರಬೇಕು, ರಸ್ತೆ ಇರಬೇಕು.

ಈ ರಸ್ತೆಯ ಮಾತು ಬಂದಾಗಲೇ ಗಡಿನಾಡಿನವರ ಸಂಕಟ ಬೇರೆಯವರದಕ್ಕಿಂತ ಒಂದು ಕೈ ಹೆಚ್ಚು ಎಂಬುದು ತಿಳಿಯುವುದು. ಒಳನಾಡಿನ ಊರಿಗೆ ಒಂದು ದಾರಿ ಮುಚ್ಚಿದರೆ ಇನ್ನೊಂದು ದಾರಿ. ನಮಗೆ ಹಾಗಲ್ಲ. ಕಾಸರಗೋಡಿನವರ ಆಸ್ಪತ್ರೆ ಮಂಗಳೂರಿನಲ್ಲಿ. ತಾಳವಾಡಿಯವರು ತಮ್ಮದೇ ಜಿಲ್ಲೆಯ ಈರೋಡಿಗೆ ಹೋಗಬೇಕಾದರೆ ದಿಂಬಂ ಘಾಟಿ ಇಳಿಯಬೇಕು, ಚಾಮರಾಜನಗರ ಮಾತ್ರ ಕೈಗೆಟಕುವ ಪೇಟೆ. ಹೊಸೂರಿನವರಿಗೆ ಬೆಂಗಳೂರು, ರಾಯದುರ್ಗದವರಿಗೆ ಬಳ್ಳಾರಿ. ನಮ್ಮ ನಿತ್ಯದ ಬದುಕು ರಾಜ್ಯದ ಗೆರೆಯನ್ನು ದಿನಕ್ಕೆ ನಾಲ್ಕು ಸಲ ದಾಟುತ್ತದೆ. ಆ ಗೆರೆ ಇದ್ದಕ್ಕಿದ್ದ ಹಾಗೆ ಗೋಡೆಯಾದರೆ?

2020ರಲ್ಲಿ ಅದು ಗೋಡೆಯೇ ಆಯಿತು. ಕಾಸರಗೋಡಿನಲ್ಲಿ ಸೋಂಕು ಹೆಚ್ಚಾಯಿತೆಂದು ಕರ್ನಾಟಕ ತಲಪಾಡಿಯ ಹೆದ್ದಾರಿಯನ್ನು ತಡೆಯಿತು, ಒಳದಾರಿಗಳ ಮೇಲೆ ಮಣ್ಣು ಸುರಿಯಿತು. ಕೊಡಗಿನಿಂದ ಕಣ್ಣೂರಿಗೆ ಇಳಿಯುವ ಮಾಕುಟ್ಟದ ರಸ್ತೆಗೂ ಮಣ್ಣಿನ ದಿಬ್ಬ ಬಿತ್ತು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಹಲವು ರೋಗಿಗಳು ಗಡಿ ದಾಟಲಾಗದೆ ತೀರಿಕೊಂಡರು. ಪ್ರಕರಣ ಕೇರಳ ಹೈಕೋರ್ಟಿಗೆ ಹೋಯಿತು, ಏಪ್ರಿಲ್ 1ರಂದು ತಡೆ ತೆಗೆಯಿರಿ ಎಂಬ ಆದೇಶ ಬಂತು. ಅಲ್ಲಿಂದ ಸುಪ್ರೀಂ ಕೋರ್ಟಿಗೆ ಹೋಗಿ, ಏಪ್ರಿಲ್ 7ರ ಹೊತ್ತಿಗೆ ತುರ್ತು ರೋಗಿಗಳನ್ನು ಬಿಡಲು ಎರಡೂ ರಾಜ್ಯಗಳು ಒಪ್ಪಿವೆ ಎಂದು ದಾಖಲಾಯಿತು. ಎರಡು ವಾರದ ಈ ಎಳೆದಾಟದಲ್ಲಿ ಗಡಿಯ ಜನ ಒಂದು ಪಾಠ ಕಲಿತರು: ರಸ್ತೆಯನ್ನು ನಂಬಬೇಡ. ಹಾಗೆ ಕಲಿತವನು ಮುಂದಿನ ಸಲ ಹತ್ತು ಕೆ.ಜಿ. ಬದಲು ಐವತ್ತು ಕೆ.ಜಿ. ಒಯ್ದರೆ ತಪ್ಪು ಅವನೊಬ್ಬನದೇ?

ಭಯದ ಖರೀದಿಯಲ್ಲಿ ಗೆಲ್ಲುವವನು ಕೈಯಲ್ಲಿ ರೊಕ್ಕ ಇದ್ದವನು. ಆ ಮಂಗಳವಾರ ತಿಂಗಳ 24ನೇ ತಾರೀಖು. ನೌಕರದಾರನಿಗೆ ಸಂಬಳ ಬಂದಿರಲಿಲ್ಲ, ಕೂಲಿಯವನಿಗೆ ವಾರದ ಬಟವಾಡೆ ಆಗಿರಲಿಲ್ಲ. ದಿನಾ ಅರ್ಧ ಕೆ.ಜಿ. ಅಕ್ಕಿ, ಹತ್ತು ರೂಪಾಯಿ ಎಣ್ಣೆ ಕೊಳ್ಳುವವಳು ದಾಸ್ತಾನು ಮಾಡುವುದು ಹೇಗೆ? ಅವಳು ಮರುದಿನ ಬೆಳಿಗ್ಗೆ ಬಂದಾಗ ಡಬ್ಬಿ ಬರಿದಾಗಿತ್ತು, ಇದ್ದುದರ ಬೆಲೆ ಏರಿತ್ತು. ಮಾರ್ಚ್ 26ರಂದು ಕೇಂದ್ರ ಸರಕಾರ 80 ಕೋಟಿ ಜನರಿಗೆ ತಲಾ ಐದು ಕೆ.ಜಿ. ಧಾನ್ಯ, ಕುಟುಂಬಕ್ಕೆ ಒಂದು ಕೆ.ಜಿ. ಬೇಳೆ ಪುಕ್ಕಟೆ ಎಂದು ಸಾರಿತು. ಒಳ್ಳೆಯದೇ ಆಯಿತು. ಆದರೆ ಅದೇ ಮಾತು ಎರಡು ದಿನ ಮುಂಚೆ, ಬಂದ್‌ನ ಜೊತೆಯಲ್ಲೇ ಬಂದಿದ್ದರೆ ಆ ರಾತ್ರಿಯ ನೂಕುನುಗ್ಗಲು ಅರ್ಧಕ್ಕೆ ಇಳಿಯುತ್ತಿತ್ತು ಎಂಬುದು ನಮ್ಮ ನಂಬಿಕೆ.

ಇನ್ನೊಂದು ವಿಚಿತ್ರ ನೋಡಿ. ಪೇಟೆಯಲ್ಲಿ ತರಕಾರಿಗೆ ಪರದಾಟ, ಹೊಲದಲ್ಲಿ ತರಕಾರಿ ಕೊಳೆತು ಗೊಬ್ಬರ. ಹೊಸೂರು ಸೀಮೆಯ ಗುಲಾಬಿ ಬೆಳೆಗಾರರು ಹೂವು ಕಿತ್ತು ತಿಪ್ಪೆಗೆ ಸುರಿದರು. ಜತ್ತ, ಸೊಲ್ಲಾಪುರದ ಕಡೆ ಬಳ್ಳಿಯ ಮೇಲೆ ದ್ರಾಕ್ಷಿ ತೂಗುತ್ತಿದ್ದರೂ ಕೊಳ್ಳುವವರು ದಿಕ್ಕಿಲ್ಲ. ಭಯ ಕೊಳ್ಳುವುದನ್ನು ಹೆಚ್ಚಿಸುವುದಷ್ಟೇ ಅಲ್ಲ, ಕೆಲವನ್ನು ಕೊಳ್ಳದಂತೆಯೂ ಮಾಡುತ್ತದೆ. ಕೋಳಿ ತಿಂದರೆ ಕೊರೋನಾ ಬರುತ್ತದೆ ಎಂಬ ಗಾಳಿಸುದ್ದಿ ಫೆಬ್ರುವರಿಯಿಂದಲೇ ಮೊಬೈಲಿನಲ್ಲಿ ಹರಿದಾಡಿತು. ಕೋಳಿಗೂ ಈ ರೋಗಕ್ಕೂ ಸಂಬಂಧವಿಲ್ಲವೆಂದು ಸರಕಾರ ಹೇಳಿದರೂ ಯಾರೂ ಕೇಳಲಿಲ್ಲ. ಬೆಲೆ ಎಷ್ಟು ಕುಸಿಯಿತೆಂದರೆ, ಬೆಳಗಾವಿ ಜಿಲ್ಲೆಯಲ್ಲಿ ರೈತರೊಬ್ಬರು ಮೇವಿನ ಖರ್ಚೂ ಹುಟ್ಟದೆ ಸಾವಿರಾರು ಕೋಳಿಗಳನ್ನು ಜೀವಂತ ಹೂಳಿದರು. 2018ರಲ್ಲಿ ಕೋಯಿಕ್ಕೋಡಿನಲ್ಲಿ ನಿಪಾ ಬಂದಾಗ ಬಾವಲಿ ಕಚ್ಚಿದ ಹಣ್ಣಿನ ಹೆದರಿಕೆಗೆ ಹಣ್ಣಿನ ವ್ಯಾಪಾರವೇ ಮಲಗಿತ್ತು. ಒಂದೇ ಸುದ್ದಿ ಗಿರಾಕಿಯ ಚೀಲವನ್ನು ಒಂದು ಕಡೆ ತುಂಬಿಸಿ, ಇನ್ನೊಂದು ಕಡೆ ರೈತನ ಮನೆಯನ್ನು ಬರಿದು ಮಾಡುತ್ತದೆ.

ಔಷಧಿಯ ವಿಷಯಕ್ಕೆ ಬಂದರೆ ಭಯ ಬರೀ ಹಸಿವಿನ ಮಾತಲ್ಲ, ಪ್ರಾಣದ ಮಾತು. 1994ರ ಸೆಪ್ಟೆಂಬರಿನಲ್ಲಿ ಸೂರತ್ತಿನಲ್ಲಿ ಪ್ಲೇಗು ಕಾಣಿಸಿಕೊಂಡಾಗ ಲಕ್ಷಾಂತರ ಜನ ಗಂಟುಮೂಟೆ ಕಟ್ಟಿ ರೈಲು, ಬಸ್ಸು ಹತ್ತಿದರು. ಐವತ್ತಕ್ಕೂ ಹೆಚ್ಚು ಜನ ಸತ್ತರು. ಟೆಟ್ರಾಸೈಕ್ಲಿನ್ ಮಾತ್ರೆ ಅಂಗಡಿಗಳಿಂದ ಮಾಯವಾಯಿತು, ದೂರದ ದೆಹಲಿಯಲ್ಲೂ ಜನ ಅದನ್ನು ಕೊಂಡು ಇಟ್ಟುಕೊಂಡರು. 2020ರಲ್ಲಿ ಅದೇ ಕತೆ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆಗೆ ಬಂತು. ಅಪಾಯದಲ್ಲಿ ಕೆಲಸ ಮಾಡುವ ಆರೋಗ್ಯ ಸಿಬ್ಬಂದಿ, ರೋಗಿಗಳ ಮನೆಯವರು ತೆಗೆದುಕೊಳ್ಳಬಹುದು ಎಂದು ಮಾರ್ಚಿನಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೇಳಿದ್ದೇ ತಡ, ಸಂಬಂಧವೇ ಇಲ್ಲದವರು ಡಬ್ಬಿಗಟ್ಟಲೆ ಒಯ್ದರು. ಸಂಧಿವಾತಕ್ಕೆ, ಲೂಪಸ್ ಎಂಬ ಕಾಯಿಲೆಗೆ ವರ್ಷಗಟ್ಟಲೆ ಅದನ್ನೇ ನುಂಗುತ್ತಿದ್ದವರು ಚೀಟಿ ಹಿಡಿದು ಅಂಗಡಿಯಿಂದ ಅಂಗಡಿಗೆ ಅಲೆದರು. ಮಾರ್ಚ್ 26ರಂದು ವೈದ್ಯರ ಚೀಟಿ ಇಲ್ಲದೆ ಮಾರಬಾರದೆಂದು ನಿಯಮ ಬಿಗಿ ಮಾಡಬೇಕಾಯಿತು. ಕೊನೆಗೆ ಆ ಮಾತ್ರೆಯಿಂದ ಕೊರೋನಾಕ್ಕೆ ಪ್ರಯೋಜನವಿಲ್ಲ ಎಂಬುದು ದೊಡ್ಡ ಪರೀಕ್ಷೆಗಳಲ್ಲಿ ಖಚಿತವಾಯಿತು.

2021ರ ಏಪ್ರಿಲಿನಲ್ಲಿ ರೆಮ್‌ಡೆಸಿವಿರ್ ಚುಚ್ಚುಮದ್ದಿನ ಸರದಿ. ಆಸ್ಪತ್ರೆಯ ರೋಗಿಗಳಿಗೆ ಅದನ್ನು ಕೊಡುವುದು ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ 2020ರ ನವೆಂಬರಿನಲ್ಲೇ ಸಲಹೆ ಕೊಟ್ಟಿತ್ತು. ಆದರೂ ಜನ ಒಡವೆ ಅಡವಿಟ್ಟು ಕಾಳಸಂತೆಯಲ್ಲಿ ಕೊಂಡರು. ಆಮ್ಲಜನಕದ ಸಿಲಿಂಡರು ಕೂಡ "ಬೇಕಾಗಬಹುದು" ಎಂದು ಕೆಲವರ ಮನೆ ಮೂಲೆಯಲ್ಲಿ ನಿಂತಿತು, ಬೇಕಾದವರು ಆಸ್ಪತ್ರೆ ಬಾಗಿಲಲ್ಲಿ ಉಸಿರು ಬಿಟ್ಟರು. ಆವತ್ತು ಬೀದಿಯಲ್ಲಿ ಅಲೆದವರನ್ನು ನಾವು ಹಂಗಿಸುತ್ತಿಲ್ಲ. ಮನೆಯವರ ಉಸಿರು ಕಟ್ಟುವಾಗ ಯಾರೂ ಲೆಕ್ಕಾಚಾರ ಮಾಡುವುದಿಲ್ಲ. ಆದರೆ ಯಾರಿಗೆ ಯಾವ ಮದ್ದು ಬೇಕು, ಯಾರಿಗೆ ಬೇಡ ಎಂದು ತಿಳಿದವರು ತಿಳಿಯುವ ಭಾಷೆಯಲ್ಲಿ ಮೊದಲೇ ಹೇಳಿದ್ದರೆ ಎಷ್ಟೋ ಒಡವೆ, ಎಷ್ಟೋ ಜೀವ ಉಳಿಯುತ್ತಿತ್ತು.

ಸರಕಾರ ಸುಮ್ಮನೆ ಕೂತಿತ್ತೆಂದಲ್ಲ. 2020ರ ಮಾರ್ಚ್ 13ರಂದು ಮುಖಗವಸು, ಕೈ ತೊಳೆಯುವ ಸ್ಯಾನಿಟೈಸರುಗಳನ್ನು 1955ರ ಅಗತ್ಯ ವಸ್ತುಗಳ ಕಾಯ್ದೆಯಡಿ ತಂದಿತು. 21ರಂದು ಎರಡು ಪದರದ ಮುಖಗವಸಿಗೆ 8 ರೂಪಾಯಿ, ಮೂರು ಪದರದ್ದಕ್ಕೆ 10 ರೂಪಾಯಿ, 200 ಮಿಲಿ ಸ್ಯಾನಿಟೈಸರಿಗೆ 100 ರೂಪಾಯಿ ಎಂದು ದರ ಗೊತ್ತು ಮಾಡಿತು. ದರ ಕಾಗದದ ಮೇಲೆ ಇಳಿಯಿತು, ಅಂಗಡಿಯಲ್ಲಿ ಮಾತ್ರ "ಸ್ಟಾಕ್ ಇಲ್ರೀ" ಎಂಬ ಉತ್ತರ ಸಿಕ್ಕಿತು. ಬೆಲೆಗೆ ಮಿತಿ ಹಾಕಿ ಪಾಲಿಗೆ ಮಿತಿ ಹಾಕದಿದ್ದರೆ ಹೀಗೇ ಆಗುವುದು. ಕಡಿಮೆ ಬೆಲೆಗೆ ಸಿಕ್ಕಿದ್ದನ್ನು ಮೊದಲು ಬಂದವನು ಬಾಚಿಕೊಂಡು ಹೋಗುತ್ತಾನೆ.

ತೈವಾನ್ ಇದನ್ನು ಚೆನ್ನಾಗಿ ಅರಿತಿತ್ತು. 2020ರ ಫೆಬ್ರುವರಿ 6ರಿಂದಲೇ ಅಲ್ಲಿ ಮುಖಗವಸನ್ನು ಔಷಧಿ ಅಂಗಡಿಗಳಲ್ಲಿ ಆರೋಗ್ಯ ವಿಮೆಯ ಕಾರ್ಡು ತೋರಿಸಿ ಕೊಳ್ಳಬೇಕಿತ್ತು. ಒಬ್ಬರಿಗೆ ವಾರಕ್ಕೆ ಎರಡು. ಗುರುತಿನ ಸಂಖ್ಯೆಯ ಕೊನೆಯ ಅಂಕಿ ಬೆಸವಾದರೆ ಒಂದು ದಿನ, ಸಮವಾದರೆ ಇನ್ನೊಂದು ದಿನ. ವಾರಕ್ಕೆ ಎರಡು ಅಂದರೆ ಸಾಲುವುದಿಲ್ಲ, ನಿಜ. ಆದರೆ ಆ ಎರಡು ಖಂಡಿತ ಸಿಗುತ್ತವೆ ಎಂಬ ಭರವಸೆ ಇತ್ತು. ಖಂಡಿತ ಸಿಗುವ ಎರಡರ ಮುಂದೆ, ಸಿಕ್ಕರೆ ಸಿಕ್ಕೀತು ಎನ್ನುವ ಇಪ್ಪತ್ತು ಯಾವ ಲೆಕ್ಕ?

ಅಷ್ಟು ದೂರ ಯಾಕೆ ಹೋಗಬೇಕು, ನಮ್ಮ ಹಿರಿಯರ ಮನೆಯನ್ನೇ ನೋಡಿ. ಬಯಲುಸೀಮೆಯಲ್ಲಿ ನೆಲದೊಳಗೆ ಹಗೇವು ತೋಡಿ ಜೋಳ ತುಂಬುತ್ತಿದ್ದರು. ಮನೆ ಮನೆಯಲ್ಲಿ ಕಣಜ, ಗುಡಾಣ, ವಾಡೆ ಇದ್ದವು. ಅವರೂ ದಾಸ್ತಾನು ಮಾಡುತ್ತಿದ್ದರಲ್ಲ, ಅದು ತಪ್ಪೇ ಎಂದು ಕೇಳಬಹುದು. ತಪ್ಪಲ್ಲ. ಅವರು ತುಂಬಿದ್ದು ಸುಗ್ಗಿಯಲ್ಲಿ, ಕಾಳು ಯಥೇಚ್ಛ ಇದ್ದು ಬೆಲೆ ಇಳಿದಿದ್ದಾಗ. ಆಗ ಕೊಂಡರೆ ಬೆಳೆದವನಿಗೂ ನಾಲ್ಕು ಕಾಸು ಹೆಚ್ಚು, ನೆರೆಯವನ ಪಾಲಿಗೂ ಕೊರತೆಯಿಲ್ಲ. ಭಯ ಬಿದ್ದ ದಿನ ತುಂಬುವ ಚೀಲ ಮಾತ್ರ ನೆರೆಮನೆಯ ಗಡಿಗೆಯಿಂದಲೇ ಬರುತ್ತದೆ. ಸುಗ್ಗಿಯಲ್ಲಿ ಹಗೇವು ತುಂಬಿಕೊಂಡ ಮನೆಯವನು ಆಮೇಲೆ ಬಂದ್ ಘೋಷಣೆಯ ರಾತ್ರಿ ಪೇಟೆಗೆ ಓಡಬೇಕಾಗಿಯೇ ಇಲ್ಲ. ಅವನು ಬಿಟ್ಟ ಜಾಗದಲ್ಲಿ ಕೂಲಿಯವಳು ನಿಂತು ತನ್ನ ಎರಡು ಕೆ.ಜಿ. ಒಯ್ಯುತ್ತಾಳೆ.

ಇದೆಲ್ಲ ಮುಗಿದ ಕತೆಯೆಂದು ಯಾರೂ ಕೈ ತೊಳೆದುಕೊಳ್ಳುವಂತಿಲ್ಲ. ನಿಪಾ ಒಂದೇ ಸಲಕ್ಕೆ ಹೋಗಲಿಲ್ಲ. 2023ರಲ್ಲಿ ಕೋಯಿಕ್ಕೋಡ್, 2024ರಲ್ಲಿ ಮಲಪ್ಪುರಂ ಎಂದು ಕೇರಳದಲ್ಲಿ ಮತ್ತೆ ಮತ್ತೆ ಮುಖ ತೋರಿಸಿದೆ. ಮುಂದೆ ಬರುವ ರೋಗದ ಹೆಸರು ನಮಗೆ ತಿಳಿಯದು, ಬಂದಾಗ ಮೊದಲು ಕೇಳುವ ಪ್ರಶ್ನೆ ಮಾತ್ರ ಗೊತ್ತಿದೆ: ನಾಳೆ ಅಂಗಡಿ ತೆಗೀತೀರೇನ್ರೀ? ಅದಕ್ಕೆ ಉತ್ತರ ಈಗಲೇ ತಯಾರಿರಬೇಕು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಫಲವಿಲ್ಲ.

ಆಡಳಿತಕ್ಕೆ ನಮ್ಮ ಮೊದಲ ಒತ್ತಾಯ ರಸ್ತೆಯ ಬಗ್ಗೆ. ಗಡಿಯ ಎರಡೂ ಬದಿಯ ಜಿಲ್ಲಾಧಿಕಾರಿಗಳು ಕೂತು, ಎಂಥ ರೋಗ ಬಂದರೂ ಮುಚ್ಚದ ದಾರಿ ಯಾವುದು, ರೋಗಿಯ ಗಾಡಿ ಯಾವುದರಲ್ಲಿ, ಸರಕಿನ ಲಾರಿ ಯಾವುದರಲ್ಲಿ ಎಂಬುದನ್ನು ಶಾಂತ ಕಾಲದಲ್ಲೇ ಬರೆದಿಡಬೇಕು. ಕೋರ್ಟಿನ ಆದೇಶ ಬರುವ ತನಕ ರೋಗಿ ಕಾಯುವುದಿಲ್ಲ. ಎರಡನೆಯದು ಸಮಯ. ಬಂದ್ ಮಾಡುವ ಮುನ್ನ ಜನರಿಗೆ ಒಂದು ಹಗಲಾದರೂ ಬಿಡಬೇಕು, ಯಾವ ಅಂಗಡಿ ಎಷ್ಟು ಹೊತ್ತು ತೆರೆದಿರುತ್ತದೆ ಎಂಬ ಪಟ್ಟಿ ಆದೇಶದ ಜೊತೆಗೇ ಬರಬೇಕು. ಮೂರನೆಯದು ಭಾಷೆ. ನಮ್ಮಲ್ಲಿ ಆದೇಶ ಒಂದು ಭಾಷೆಯಲ್ಲಿ ಬರುತ್ತದೆ, ಗಾಳಿಸುದ್ದಿ ಊರಿನ ಎಲ್ಲ ಭಾಷೆಯಲ್ಲೂ ಬರುತ್ತದೆ. ಕಾಸರಗೋಡಿನಲ್ಲಿ ಮಲಯಾಳದ ಜೊತೆ, ಅಕ್ಕಲಕೋಟೆಯಲ್ಲಿ ಮರಾಠಿಯ ಜೊತೆ, ಮಡಕಶಿರಾದಲ್ಲಿ ತೆಲುಗಿನ ಜೊತೆ ಕನ್ನಡದಲ್ಲೂ ಡಂಗುರ ಸಾರಿಸಿದರೆ ಸುಳ್ಳಿಗೆ ಕಾಲಿಡಲು ಜಾಗ ಕಡಿಮೆಯಾಗುತ್ತದೆ. ನಾಲ್ಕನೆಯದು ಪಡಿತರ. ಒಂದು ದೇಶ ಒಂದು ಪಡಿತರ ಚೀಟಿ ಯೋಜನೆ 2022ರ ಹೊತ್ತಿಗೆ ಎಲ್ಲ ರಾಜ್ಯಗಳಿಗೂ ಬಂದಿದೆ. ಆಚೆ ರಾಜ್ಯದ ಚೀಟಿ ಹಿಡಿದು ಈಚೆ ದುಡಿಯಲು ಬಂದವನಿಗೆ ಈಚೆಯ ಅಂಗಡಿಯಲ್ಲೇ ಧಾನ್ಯ ಸಿಗುತ್ತದೆ ಎಂಬುದನ್ನು ಅವನ ಕಿವಿಗೆ ಹಾಕುವವರು ಬೇಕು.

ವ್ಯಾಪಾರಿ ಬಂಧುಗಳಿಗೂ ಎರಡು ಮಾತು. ಸಂಕಟ ಬಂದಾಗ ಊರಿನ ಮೊದಲ ಆರೋಗ್ಯ ಕೇಂದ್ರ ನಿಮ್ಮ ಗಲ್ಲೆ. ಡಾಕ್ಟರ ಮಾತಿಗಿಂತ ಮುಂಚೆ ಜನ ನಿಮ್ಮ ಮುಖ ನೋಡುತ್ತಾರೆ. ಶಟರು ಅರ್ಧ ಎಳೆದರೆ ಅರ್ಧ ಊರು ಓಡಿಬರುತ್ತದೆ. "ಸರಕು ಇದೆ, ಮನೆಗೆ ಇಷ್ಟೇ, ನಾಳೆಯೂ ಸಿಗುತ್ತೆ" ಎಂದು ಹಲಗೆಯ ಮೇಲೆ ದರದ ಸಮೇತ ಬರೆದು ತೂಗುಹಾಕಿ. ಕೂಲಿಯವರಿಗೆ, ಮುದುಕರಿಗೆ, ಬಾಣಂತಿಯರಿಗೆ ಬೆಳಗಿನ ಒಂದು ತಾಸು ಮೀಸಲಿಡಿ. 2020ರ ಮಾರ್ಚಿನಲ್ಲಿ ಆಸ್ಟ್ರೇಲಿಯಾದ ದೊಡ್ಡ ಮಳಿಗೆಗಳೇ ವಯಸ್ಸಾದವರಿಗೆಂದು ಹಾಗೆ ಮಾಡಿದವು. ಉದ್ರಿ ಖಾತೆಯವರನ್ನು ಆ ದಿನ ಹಿಂದಕ್ಕೆ ತಳ್ಳಬೇಡಿ. ಆ ಒಂದು ರಾತ್ರಿ ಎರಡು ರೂಪಾಯಿ ಹೆಚ್ಚಿಗೆ ತೆಗೆದುಕೊಂಡವನ ಹೆಸರನ್ನು ಊರು ಹತ್ತು ವರ್ಷ ಮರೆಯುವುದಿಲ್ಲ. ಇದ್ದ ಬೆಲೆಗೇ ಕೊಟ್ಟವನ ಹೆಸರನ್ನೂ ಮರೆಯುವುದಿಲ್ಲ.

ಕೊನೆಯದಾಗಿ ನಮಗೆ ನಾವೇ ಹೇಳಿಕೊಳ್ಳಬೇಕಾದ್ದು. ಅನುಕೂಲ ಇದ್ದವರು ಒಳ್ಳೆಯ ದಿನಗಳಲ್ಲೇ ಸ್ವಲ್ಪ ಸ್ವಲ್ಪವಾಗಿ ಹದಿನೈದು ದಿನದ ದಿನಸಿ, ನಿತ್ಯದ ಮಾತ್ರೆ ಮನೆಯಲ್ಲಿಟ್ಟುಕೊಳ್ಳೋಣ. ಸುದ್ದಿ ಬಿಸಿಯಾದ ದಿನ ಪೇಟೆಗೆ ಹೋಗದಿರೋಣ, ಹೋದರೂ ವಾಡಿಕೆಯಷ್ಟೇ ಕೊಳ್ಳೋಣ. ಮೊಬೈಲಿಗೆ ಬಂದದ್ದನ್ನು ಇನ್ನೊಬ್ಬರಿಗೆ ಕಳಿಸುವ ಮುನ್ನ ಊರಿನ ಆರೋಗ್ಯ ಕಾರ್ಯಕರ್ತೆಯನ್ನು ಒಂದು ಮಾತು ಕೇಳೋಣ. ರಸ್ತೆಗೆ ಮಣ್ಣು ಸುರಿಯುವುದು ಬಿಡುವುದು ನಮ್ಮ ಕೈಯಲ್ಲಿಲ್ಲ. ಅಂಗಡಿಯ ಸರದಿಯಲ್ಲಿ ನಮ್ಮ ಹಿಂದೆ ನಿಂತವಳಿಗೆ ಎರಡು ಕೆ.ಜಿ. ಉಳಿಸುವುದು ನಮ್ಮ ಕೈಯಲ್ಲೇ ಇದೆ.